ಅರ್ಧ ಸೆಂಟಿಮೀಟರು ಎಲ್ಲಿ ಹೋಯಿತು?

ಅಕ್ಕನ ಮಗ ಒಂದು ಯೂನಿಫಾರ್ಮ್ ಕೆಲಸದ ಫಿಸಿಕಲ್ ಟೆಸ್ಟಿಗೆ ಹೋಗಿ ಎತ್ತರದಲ್ಲಿ ಬಿದ್ದು ಬಂದ. ಬೇಕಾದದ್ದಕ್ಕಿಂತ ಅರ್ಧ ಸೆಂಟಿಮೀಟರು ಕಡಿಮೆ. ಲಿಖಿತ ಪರೀಕ್ಷೆ ಪಾಸಾಗಿತ್ತು. ಓಟಕ್ಕೆ ಅಂತ ತಿಂಗಳುಗಟ್ಟಲೆ ಬೆಳಕು ಹರಿಯುವ ಮೊದಲೇ ಶಾಲೆಯ ಮೈದಾನಕ್ಕೆ ಹೋಗಿ ಸುತ್ತು ಹಾಕಿದ್ದ. ಓಡುವ ಸರದಿ ಬರಲೇ ಇಲ್ಲ. ಅದಕ್ಕಿಂತ ಮೊದಲೇ ಕೋಲಿನ ಕೆಳಗೆ ನಿಲ್ಲಿಸಿ, ಸಂಖ್ಯೆ ಕೂಗಿ, ಪಕ್ಕದ ಗೇಟಿನಿಂದ ಹೊರಗೆ ಕಳಿಸಿದರು. ಅಲ್ಲಿಂದಲೇ ನನಗೆ ಫೋನ್ ಮಾಡಿದ. ಅಳುತ್ತಿರಲಿಲ್ಲ, ಏನಾಯಿತೆಂದೇ ಗೊತ್ತಾಗದವನ ಹಾಗೆ ಮಾತಾಡುತ್ತಿದ್ದ. "ಮಾವ, ಮನೆಯಲ್ಲಿ ಇದ್ದಷ್ಟು ಉದ್ದ ನಾನು ಇಲ್ಲಿ ಇಲ್ಲವಂತೆ" ಅಂದ. ಆ ಮಾತು ನನ್ನ ತಲೆಯಿಂದ ಇನ್ನೂ ಹೋಗಿಲ್ಲ.

ಮನೆಯಲ್ಲಿ ಅಳೆದದ್ದು ಅಕ್ಕ. ಬೆಳಿಗ್ಗೆ ಅವನು ಎದ್ದು ಬಂದ ಕೂಡಲೇ ಗೋಡೆಗೆ ಒರಗಿಸಿ, ತಲೆ ಮೇಲೆ ದಪ್ಪ ಪುಸ್ತಕ ಇಟ್ಟು, ಪೆನ್ಸಿಲಿನಲ್ಲಿ ಗೆರೆ ಎಳೆದು, ಹೊಲಿಗೆಯ ಟೇಪು ಹಿಡಿದು ನೋಡಿದ್ದಳು. ಬೇಕಾದದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಇತ್ತು. ಹೊಲಿಗೆ ಕಲಿತವಳು, ಟೇಪು ಹಿಡಿಯುವುದರಲ್ಲಿ ಅವಳ ಕೈ ತಪ್ಪುವುದಿಲ್ಲ. ಹಾಗಾಗಿ ಮನೆಯಲ್ಲಿ ಎಲ್ಲರೂ ಒಂದೇ ತೀರ್ಮಾನಕ್ಕೆ ಬಂದರು: ಅಲ್ಲಿಯ ಸ್ಕೇಲೇ ಸರಿ ಇಲ್ಲ. ಭಾವ ಅಂತೂ ದುಡ್ಡಿನ ವ್ಯವಹಾರ ಅಂತಲೇ ಹೇಳಿದರು. ನಾನು ಎರಡು ದಿನ ಸುಮ್ಮನಿದ್ದೆ. ಆಮೇಲೆ ಅವನನ್ನು ಕೂರಿಸಿಕೊಂಡು, ಹೋದದ್ದು ಹೇಗೆ, ಕಾದದ್ದು ಎಷ್ಟು ಹೊತ್ತು ಅಂತ ಒಂದೊಂದಾಗಿ ಕೇಳಿದೆ. ಸಂಜೆ ಕಾಸರಗೋಡಿನಲ್ಲಿ ರೈಲು ಹತ್ತಿದ್ದಾನೆ. ಬರ್ತ್ ಸಿಕ್ಕಿರಲಿಲ್ಲ, ಜನರಲ್ ಬೋಗಿ. ಕೋಝಿಕ್ಕೋಡ್ ದಾಟುವವರೆಗೆ ನಿಂತು, ಆಮೇಲೆ ಬೆಳಗಿನವರೆಗೆ ಕೂತು ಹೋಗಿದ್ದಾನೆ. ಇಳಿದು, ಸ್ಟೇಷನ್ನಿನಲ್ಲೇ ಮುಖ ತೊಳೆದು, ನೇರ ಮೈದಾನಕ್ಕೆ. ಬೆನ್ನಿನಲ್ಲಿ ಬ್ಯಾಗು. ಸಾಲಿನಲ್ಲಿ ನಿಂತದ್ದು ಬೆಳಿಗ್ಗೆ, ಹೆಸರು ಕರೆದದ್ದು ಮಧ್ಯಾಹ್ನದ ಊಟದ ಹೊತ್ತು ಕಳೆದ ಮೇಲೆ.

ಇದಿಷ್ಟು ಕೇಳಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು. ಅಕ್ಕ ಅಳೆದದ್ದೂ ಸರಿ ಇರಬಹುದು, ಅಲ್ಲಿ ಅಳೆದದ್ದೂ ಸರಿ ಇರಬಹುದು. ಹುಡುಗ ಎರಡು ಕಡೆಯೂ ಬೇರೆ ಬೇರೆ ಎತ್ತರ ಇದ್ದ.

ಬೆನ್ನಿನೊಳಗಿನ ನೀರು

ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ನಾವು ದಿನದಲ್ಲೇ ಅತಿ ಎತ್ತರ ಇರುತ್ತೇವೆ. ರಾತ್ರಿ ಮಲಗುವ ಹೊತ್ತಿಗೆ ಒಂದರಿಂದ ಎರಡು ಸೆಂಟಿಮೀಟರು ಕಡಿಮೆ. ಇದು ಕೆಲವರಿಗೆ ಮಾತ್ರ ಆಗುವಂಥದ್ದಲ್ಲ, ನಡೆದಾಡುವ ಎಲ್ಲರಿಗೂ ದಿನಾ ಆಗುತ್ತದೆ. ಕಾಲಿನ ಮೂಳೆ, ತೊಡೆಯ ಮೂಳೆ ಹೀಗೆ ಕುಗ್ಗುವುದಿಲ್ಲ. ಕುಗ್ಗುವುದು ಬೆನ್ನು. ಅದರಲ್ಲೂ ಬೆನ್ನಿನ ಮೂಳೆಗಳಲ್ಲ, ಮೂಳೆ ಮೂಳೆಗಳ ನಡುವೆ ಇರುವ ಡಿಸ್ಕುಗಳು. ಡಿಸ್ಕ್ ಅನ್ನುವ ಪದ ನಮ್ಮಲ್ಲಿ ಯಾರಿಗೂ ಹೊಸದಲ್ಲ. ತೋಟದ ಕೆಲಸ ಮಾಡುವ ಮನೆಗಳಲ್ಲಿ ಡಿಸ್ಕ್ ಜಾರಿದವರು ಒಬ್ಬರಾದರೂ ಇರುತ್ತಾರೆ. ಆದರೆ ಜಾರುವ ಮೊದಲು ಅದು ಎಂತ ಮಾಡುತ್ತಿರುತ್ತದೆ ಎಂದು ಕೇಳುವವರು ಕಡಿಮೆ.

ಕುತ್ತಿಗೆಯಿಂದ ಸೊಂಟದವರೆಗೆ ಇಂಥ ಡಿಸ್ಕುಗಳು 23 ಇವೆ. ಬೆನ್ನೆಲುಬಿನ ಉದ್ದದಲ್ಲಿ ಹೆಚ್ಚು ಕಡಿಮೆ ಕಾಲು ಭಾಗ ಇವುಗಳದ್ದೇ. ಸುತ್ತ ಗಟ್ಟಿ ನಾರಿನ ಪದರ ಪದರ ಬಳೆ, ನಡುವೆ ಮೆತ್ತಗಿನ ಲೋಳೆ. ಆ ಲೋಳೆಯಲ್ಲಿ ನೀರೇ ಜಾಸ್ತಿ. ಎಳೆಯ ಮಕ್ಕಳಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ನೀರು, ವಯಸ್ಸಾದಾಗ ಎಪ್ಪತ್ತರ ಹತ್ತಿರಕ್ಕೆ ಇಳಿಯುತ್ತದೆ. ಆ ನೀರನ್ನು ಹಿಡಿದಿಟ್ಟುಕೊಳ್ಳುವುದು ಪ್ರೋಟಿಯೋಗ್ಲೈಕಾನ್ ಅನ್ನುವ ದೊಡ್ಡ ಅಣುಗಳು. ಬೇಸಿಗೆಯಲ್ಲಿ ಶರಬತ್ತಿಗೆ ಹಾಕುವ ಕಾಮಕಸ್ತೂರಿ ಬೀಜ ನೀರು ಕುಡಿದು ಉಬ್ಬಿಕೊಳ್ಳುತ್ತದಲ್ಲ, ಹಾಗೆಯೇ ಇವು ಸುತ್ತಲಿನ ನೀರನ್ನು ಎಳೆದುಕೊಂಡು ಉಬ್ಬಲು ನೋಡುತ್ತವೆ. ಮಲಗಿದ್ದಾಗ ಮೇಲಿನಿಂದ ಒತ್ತಡ ಕಡಿಮೆ, ನೀರು ಒಳಗೆ ಬರುತ್ತದೆ, ಡಿಸ್ಕ್ ದಪ್ಪ ಆಗುತ್ತದೆ. ಎದ್ದು ನಿಂತ ಕೂಡಲೇ ತಲೆ, ಕೈ, ಎದೆಗೂಡು, ಹೊಟ್ಟೆ ಎಲ್ಲದರ ಭಾರ ಮೇಲಿನಿಂದ ಕೂರುತ್ತದೆ. ಬೆನ್ನನ್ನು ನೆಟ್ಟಗೆ ಹಿಡಿಯಲು ಸ್ನಾಯುಗಳು ಎಳೆಯುವ ಎಳೆತವೂ ಅದಕ್ಕೆ ಸೇರುತ್ತದೆ. ನೀರು ನಿಧಾನಕ್ಕೆ ಹೊರಗೆ ಹೋಗುತ್ತದೆ. ಒಂದೊಂದು ಡಿಸ್ಕಿನಲ್ಲಿ ಕಡಿಮೆಯಾಗುವುದು ಒಂದು ಮಿಲಿಮೀಟರಿಗಿಂತಲೂ ಕಮ್ಮಿ. ಇಪ್ಪತ್ತಮೂರನ್ನು ಕೂಡಿಸಿದರೆ ಕೋಲಿನಲ್ಲಿ ಕಾಣುವಷ್ಟಾಗುತ್ತದೆ.

1999ರಲ್ಲಿ ಪ್ರಕಟವಾದ ಒಂದು ಅಧ್ಯಯನ ಓದಿದಾಗ ನನಗೆ ಈ ಭಾರದ ಅಂದಾಜು ಸಿಕ್ಕಿತು. ಹಾನ್ಸ್ ಯೋಆಕಿಮ್ ವಿಲ್ಕೆ ಮತ್ತು ಜೊತೆಯವರು ಒಬ್ಬ ಆರೋಗ್ಯವಂತ ಸ್ವಯಂಸೇವಕನ ಸೊಂಟದ ಡಿಸ್ಕಿನೊಳಗೇ ಒತ್ತಡ ಅಳೆಯುವ ಸಣ್ಣ ಸಂವೇದಕ ಇಟ್ಟು, ಇಡೀ ದಿನ ಅವನು ಮಾಡುವ ಕೆಲಸಗಳನ್ನೆಲ್ಲ ಅಳೆದರು. ಅಂಗಾತ ಮಲಗಿದಾಗ 0.1 ಮೆಗಾಪಾಸ್ಕಲ್ (ಒತ್ತಡದ ಅಳತೆ ಅದು). ನಿಂತಾಗ 0.5. ಒರಗದೆ ಕೂತಾಗ 0.46, ಅಂದರೆ ನಿಂತದ್ದಕ್ಕೂ ಕೂತದ್ದಕ್ಕೂ ಡಿಸ್ಕಿನ ಪಾಲಿಗೆ ದೊಡ್ಡ ವ್ಯತ್ಯಾಸವೇ ಇಲ್ಲ. ಬೆನ್ನು ಬಗ್ಗಿಸಿ 20 ಕಿಲೋ ಎತ್ತಿದಾಗ 2.3. ಅಂದರೆ ಮಲಗಿದ್ದಕ್ಕಿಂತ ಇಪ್ಪತ್ತು ಪಟ್ಟಿಗೂ ಜಾಸ್ತಿ. ನಮ್ಮ ಕಡೆ ಕೆಂಪುಕಲ್ಲಿನ ಕೋರೆಯಲ್ಲಿ ಲಾರಿಗೆ ಕಲ್ಲು ತುಂಬಿಸುವವರನ್ನು ಕಂಡಾಗಲೆಲ್ಲ ಈಗ ನನಗೆ ಈ ಸಂಖ್ಯೆ ನೆನಪಾಗುತ್ತದೆ. ಅವರು ಇಪ್ಪತ್ತು ಕಿಲೋ ಒಂದು ಸಲ ಎತ್ತಿ ಇಡುವವರಲ್ಲ.

ರೈಲಿನ ರಾತ್ರಿಗೆ ಬಂದರೆ, ಕೂತು ಹೋದವನಿಗೆ ಕಾಲಿಗೆ ವಿಶ್ರಾಂತಿ ಸಿಗಬಹುದು, ಕಣ್ಣಿಗೆ ಒಂದಿಷ್ಟು ನಿದ್ದೆಯೂ ಸಿಗಬಹುದು. ಬೆನ್ನಿಗೆ ರಾತ್ರಿಯೇ ಆಗಿರುವುದಿಲ್ಲ.

ಗೋಡೆಯ ಗೆರೆಗಳು

ಓದಿದ್ದು ಸಾಕಾಗಲಿಲ್ಲ, ಮನೆಯಲ್ಲೇ ನೋಡಬೇಕು ಅನ್ನಿಸಿತು. ಚಾವಡಿಯಿಂದ ಅಡುಗೆಮನೆಗೆ ಹೋಗುವ ಬಾಗಿಲಿನ ದಾರಂದಕ್ಕೆ ಒಂದು ಉಕ್ಕಿನ ಸ್ಕೇಲು ಮೊಳೆ ಹೊಡೆದು ಕೂರಿಸಿದೆ. ತಲೆ ಮೇಲೆ ಇಡಲು ಬಡಗಿಯವರ ಮೂಲೆಮಟ್ಟ. ಪುಸ್ತಕ ಇಟ್ಟರೆ ವಾರೆ ಆಗುತ್ತದೆ, ಒಂದೆರಡು ಮಿಲಿಮೀಟರು ಅಲ್ಲಿಯೇ ಹೋಗುತ್ತದೆ. ನಿಲ್ಲುವುದಕ್ಕೂ ಒಂದು ಕ್ರಮ ಉಂಟು. ಹಿಮ್ಮಡಿ ಕೂಡಿರಬೇಕು, ಕಣ್ಣುಗುಳಿಯ ಕೆಳ ಅಂಚು ಮತ್ತು ಕಿವಿ ತೂತಿನ ಮೇಲಂಚು ಒಂದೇ ಮಟ್ಟದಲ್ಲಿರಬೇಕು. ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ 1884ರಲ್ಲಿ ಒಪ್ಪಿಕೊಂಡ ಮಟ್ಟ ಅದು, ಈಗಲೂ ಎಲ್ಲ ಕಡೆ ಅದನ್ನೇ ಬಳಸುತ್ತಾರೆ. ಗದ್ದ ಎತ್ತಿದರೆ ಒಂದು ಲೆಕ್ಕ, ಇಳಿಸಿದರೆ ಇನ್ನೊಂದು ಲೆಕ್ಕ ಬರುತ್ತದೆ. ಅಳೆಯುವವರು ಇದನ್ನು ನೋಡಿಕೊಳ್ಳಲೇಬೇಕು.

ಮಗಳು ಎಂಟನೇ ಕ್ಲಾಸು. ಅವಳಿಗೆ ಇದೊಂದು ಆಟ ಆಯಿತು. ಅಲಾರಂ ಹೊಡೆದ ಕೂಡಲೇ ಕಣ್ಣು ಉಜ್ಜುತ್ತಾ ಬಂದು ದಾರಂದಕ್ಕೆ ಒರಗಿ ನಿಲ್ಲುತ್ತಿದ್ದಳು. ತಿಂಡಿ ತಿಂದು, ಬಸ್ಸಿಗೆ ಹೊರಡುವ ಮೊದಲು ಇನ್ನೊಮ್ಮೆ. ಸಂಜೆ ಶಾಲೆಯಿಂದ ಬಂದು ಬ್ಯಾಗು ಇಳಿಸಿದ ಮೇಲೆ ಮತ್ತೊಮ್ಮೆ. ನಾನು ಅಂದುಕೊಂಡದ್ದು, ಬೆಳಿಗ್ಗೆಯಿಂದ ಸಂಜೆಯವರೆಗೆ ಎತ್ತರ ಸ್ವಲ್ಪ ಸ್ವಲ್ಪವಾಗಿ ಒಂದೇ ಸಮ ಇಳಿಯುತ್ತದೆ ಅಂತ. ಹಾಗಿರಲಿಲ್ಲ. ಎದ್ದ ಹೊತ್ತಿನ ಗೆರೆಗೂ ಬಸ್ಸಿಗೆ ಹೊರಡುವ ಹೊತ್ತಿನ ಗೆರೆಗೂ ನಡುವೆ ಕಣ್ಣಿಗೆ ಕಾಣುವ ಅಂತರ. ಬೆಳಗಿನ ಗೆರೆಯಿಂದ ಸಂಜೆಯ ಗೆರೆಗೆ ಇದ್ದ ದೂರದಲ್ಲಿ ಅರ್ಧದಷ್ಟು ಅವಳು ಗೇಟು ದಾಟುವ ಮೊದಲೇ ಹೋಗಿರುತ್ತಿತ್ತು. "ಅಪ್ಪ, ನಾನು ತಿಂಡಿ ತಿನ್ನುವಾಗಲೇ ಗಿಡ್ಡ ಆಗ್ತೇನಾ?" ಅಂತ ಕೇಳಿದಳು. ಹೌದು ಮಗಳೇ, ಹಾಗೆಯೇ ಆಗುವುದು. 1985ರಲ್ಲಿ ಟಿರೆಲ್, ರೈಲಿ ಮತ್ತು ಟ್ರೂಪ್ ಎಂಬ ಮೂವರು ಪ್ರಕಟಿಸಿದ ಅಳತೆಗಳೂ ಇದನ್ನೇ ಹೇಳುತ್ತವೆ. ಯುವಕರಲ್ಲಿ ದಿನದ ಏರಿಳಿತ ಸರಾಸರಿ 19.3 ಮಿಲಿಮೀಟರು, ಎತ್ತರದ 1.1 ಶೇಕಡಾ. ಅದರ ಅರ್ಧಕ್ಕಿಂತ ಜಾಸ್ತಿ ಎದ್ದ ಮೊದಲ ಒಂದು ಗಂಟೆಯಲ್ಲೇ ಹೋಗುತ್ತದೆ. ಮರಳಿ ಬರುವುದೂ ಹಾಗೆಯೇ, ರಾತ್ರಿಯ ಮೊದಲ ಅರ್ಧದಲ್ಲಿ ಸುಮಾರು 70 ಶೇಕಡಾ.

ಅಮ್ಮನನ್ನೂ ನಿಲ್ಲಿಸಿದೆ. ಮೊದಲು ಒಪ್ಪಲಿಲ್ಲ, ಮೊಮ್ಮಗಳು ಕೈ ಹಿಡಿದು ಎಳೆದು ತಂದಳು. ಅಮ್ಮನ ಬೆಳಗಿನ ಗೆರೆ, ಸಂಜೆಯ ಗೆರೆ ಹತ್ತಿರ ಹತ್ತಿರವೇ. ದಿನವಿಡೀ ಹಟ್ಟಿ, ಅಂಗಳ, ಅಡುಗೆಮನೆ ಅಂತ ಓಡಾಡುವವರು, ಆದರೂ ಅಷ್ಟೇ. ಇದಕ್ಕೂ ಕಾರಣ ಉಂಟು. 1935ರಲ್ಲಿ ಡಿ ಪುಕಿ ಎಂಬವರು ಸಾವಿರದ ಇನ್ನೂರಕ್ಕೂ ಹೆಚ್ಚು ಜನರನ್ನು, ಸಣ್ಣ ಮಕ್ಕಳಿಂದ ಮುದುಕರವರೆಗೆ, ಬೆಳಿಗ್ಗೆ ಮತ್ತು ರಾತ್ರಿ ಅಳೆದಿದ್ದರು. ಸರಾಸರಿ ವ್ಯತ್ಯಾಸ 16 ಮಿಲಿಮೀಟರಿನ ಹತ್ತಿರ. ಆದರೆ ಎತ್ತರಕ್ಕೆ ಹೋಲಿಸಿದರೆ ಸಣ್ಣ ಮಕ್ಕಳಲ್ಲಿ ಅದು ಸುಮಾರು 2 ಶೇಕಡಾ, ಎಪ್ಪತ್ತು ದಾಟಿದವರಲ್ಲಿ ಅರ್ಧ ಶೇಕಡಾ ಮಾತ್ರ. ವಯಸ್ಸಾದ ಡಿಸ್ಕ್ ನೀರನ್ನು ಮೊದಲಿನಷ್ಟು ಹಿಡಿಯುವುದಿಲ್ಲ, ಹಾಗಾಗಿ ಕಳಕೊಳ್ಳುವುದೂ ಕಡಿಮೆ. ಅಮ್ಮನ ದಿನದ ಏರಿಳಿತ ಕಡಿಮೆಯಾಗಿದೆ, ಬದಲಿಗೆ ಇನ್ನೊಂದು ಇಳಿತ ಬಂದಿದೆ, ಮರಳಿ ಬಾರದ್ದು. ನಲವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರಿನ ಹಾಗೆ ಎತ್ತರ ಕಡಿಮೆ ಆಗುತ್ತಾ ಹೋಗುತ್ತದೆ, ಎಪ್ಪತ್ತರ ಮೇಲೆ ಇನ್ನೂ ಬೇಗ. ಉಪ್ಪಿನಕಾಯಿ ಭರಣಿ ಇಡುವ ಹಲಗೆ ಅಮ್ಮನಿಗೆ ಮೊದಲು ಕೈಗೆಟುಕುತ್ತಿತ್ತು. ಈಗ ಮಣೆ ಇಟ್ಟು ಹತ್ತುತ್ತಾರೆ. ಹಲಗೆಯನ್ನು ಒಂದು ಗೇಣು ಕೆಳಗೆ ಇಳಿಸಿದ್ದು ಈ ಅಳತೆ ಶುರುವಾದ ಮೇಲೆಯೇ.

ರಾತ್ರಿ ಕುಣಿಯುವವರು

ಬೆಳಿಗ್ಗೆ ಎತ್ತರ, ಸಂಜೆ ಗಿಡ್ಡ ಅಂತ ಹೇಳುವಾಗ ಸೂರ್ಯನಿಗೂ ಇದಕ್ಕೂ ಏನೋ ಸಂಬಂಧ ಉಂಟು ಅಂತ ತೋರಬಹುದು. ಇಲ್ಲ. ಮಲಗಿದ್ದೇವಾ, ಎದ್ದಿದ್ದೇವಾ, ಎಷ್ಟು ಭಾರ ಹೊತ್ತಿದ್ದೇವೆ, ಇಷ್ಟೇ ಲೆಕ್ಕ. ಕುಂಬಳೆ ಸೀಮೆಯಲ್ಲಿ ಹುಟ್ಟಿ ಬೆಳೆದ ನನಗೆ ಇದಕ್ಕೆ ಕೂಡಲೇ ಹೊಳೆಯುವುದು ಯಕ್ಷಗಾನದ ವೇಷಧಾರಿ. ಕಾಲಮಿತಿಯ ಆಟ ಈಗ ಜಾಸ್ತಿಯಾದರೂ ಬೆಳಗಿನವರೆಗಿನ ಆಟ ನಿಂತಿಲ್ಲ. ರಾತ್ರಿಯಿಡೀ ಕಿರೀಟ, ಭುಜಕೀರ್ತಿ, ವೀರಕಸೆಯ ಭಾರ ಹೊತ್ತು, ನಡುವೆ ಧಿಗಿಣ ಅನ್ನುವ ಸುತ್ತು ಹಾರುವ ಕುಣಿತ ಹಾಕಿ, ಬೆಳಗಾಗುವಾಗ ಬಣ್ಣ ತೆಗೆದು, ವ್ಯಾನಿನಲ್ಲಿ ಮುಂದಿನ ಊರಿಗೆ ಹೋಗಿ ಮಲಗುವವರು ಅವರು. ಅವರ ದಿನದ ಎತ್ತರದ ತುದಿ ಬರುವುದು ಮಧ್ಯಾಹ್ನ ಕಣ್ಣು ಬಿಟ್ಟಾಗ. ಊರೆಲ್ಲ ಎದ್ದು ಹಲ್ಲುಜ್ಜುವ ಹೊತ್ತಿಗೆ ಅವರು ತಮ್ಮ ಅತಿ ಕಡಿಮೆ ಎತ್ತರದಲ್ಲಿರುತ್ತಾರೆ. ರಾತ್ರಿ ಪಾಳಿಯ ನರ್ಸ್, ಎಟಿಎಂ ಕಾಯುವ ವಾಚ್‌ಮ್ಯಾನ್, ಮೀನು ಹಿಡಿಯಲು ರಾತ್ರಿ ದೋಣಿ ಇಳಿಸುವವರು, ಎಲ್ಲರದ್ದೂ ಹೀಗೆಯೇ.

ಇದನ್ನು ಮೊದಲು ಗಮನಿಸಿದವರಲ್ಲಿ ಒಬ್ಬ ಫ್ರೆಂಚ್ ತಂದೆ ನನಗೆ ತುಂಬ ಇಷ್ಟ. ಹೆಸರು ಗೆನೋ ದ ಮೋಂಬೆಯಾರ್. ತನ್ನ ಮಗ ಹುಟ್ಟಿದ 1759ರಿಂದ 1777ರವರೆಗೆ, ಹುಡುಗನಿಗೆ ಹದಿನೆಂಟಾಗುವ ತನಕ, ಆರು ತಿಂಗಳಿಗೊಮ್ಮೆ ಎತ್ತರ ಅಳೆದು ಬರೆದಿಟ್ಟವನು. ಒಬ್ಬ ಮಗುವಿನ ಬೆಳವಣಿಗೆಯನ್ನು ಹುಟ್ಟಿನಿಂದ ಯೌವನದವರೆಗೆ ಹೀಗೆ ಹಿಡಿದಿಟ್ಟ ಮೊದಲ ದಾಖಲೆ ಅದು. ವೈದ್ಯರು ಇವತ್ತಿಗೂ ಅದರ ಗ್ರಾಫನ್ನು ಪಾಠದಲ್ಲಿ ತೋರಿಸುತ್ತಾರೆ. ಅದನ್ನು ಪ್ರಕಟಿಸಿದ್ದು ಪ್ರಕೃತಿ ವಿಜ್ಞಾನಿ ಬುಫೋನ್. ಬಳಲಿಕೆಯಿಂದ ಎತ್ತರ ಕಡಿಮೆಯಾಗುತ್ತದೆ, ರಾತ್ರಿಗಟ್ಟಲೆ ನೃತ್ಯಕೂಟಗಳಲ್ಲಿ ಕಳೆದ ಯುವಕ ಕುಗ್ಗಿದ್ದ, ಹಾಸಿಗೆಯಲ್ಲಿ ಮಲಗಿ ವಿಶ್ರಾಂತಿ ಪಡೆದ ಮೇಲೆ ಕಳೆದದ್ದು ಮರಳತೊಡಗಿತು ಎಂದು ಆಗಲೇ ಅಲ್ಲಿ ಬರೆದಿದ್ದಾರೆ. ಅದಕ್ಕೂ ಮೊದಲು, 1724ರಲ್ಲಿ, ಜೋಸೆಫ್ ವಾಸ್ ಎಂಬ ಇಂಗ್ಲೆಂಡಿನ ಪಾದ್ರಿಯೊಬ್ಬ ಬೆಳಗಿನ ಎತ್ತರಕ್ಕೂ ರಾತ್ರಿಯ ಎತ್ತರಕ್ಕೂ ವ್ಯತ್ಯಾಸ ಇದೆ ಎಂದು ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದಿದ್ದ. ಮುನ್ನೂರು ವರ್ಷದಿಂದ ಗೊತ್ತಿರುವ ವಿಷಯ ಇದು. ಕೋಲು ಹಿಡಿದು ಮಕ್ಕಳ ಭವಿಷ್ಯ ನಿರ್ಧಾರ ಮಾಡುವವರಿಗೆ ಗೊತ್ತಿರಬೇಡವೇ?

ಭಾರವೇ ಇಲ್ಲದ ಕಡೆ ಎಂತ ಆಗುತ್ತದೆ ಅನ್ನುವುದೂ ಗೊತ್ತಾಗಿದೆ. ಬಾಹ್ಯಾಕಾಶದಲ್ಲಿ ತಿಂಗಳುಗಟ್ಟಲೆ ಇರುವವರು 3 ಶೇಕಡಾದವರೆಗೆ ಉದ್ದ ಆಗುತ್ತಾರೆ, ಭೂಮಿಗೆ ಬಂದ ಮೇಲೆ ಮೊದಲಿನ ಎತ್ತರಕ್ಕೆ ಮರಳುತ್ತಾರೆ. ಉದ್ದ ಆಗುವಾಗ ಹಲವರಿಗೆ ಬೆನ್ನು ನೋವೂ ಬರುತ್ತದೆ. 2018ರ ಜನವರಿಯಲ್ಲಿ ಜಪಾನಿನ ಗಗನಯಾತ್ರಿ ನೊರಿಶಿಗೆ ಕನಾಯಿ ತಾನು ಮೂರು ವಾರದಲ್ಲಿ 9 ಸೆಂಟಿಮೀಟರು ಬೆಳೆದಿದ್ದೇನೆ, ವಾಪಸು ಬರುವ ಸೊಯುಝ್ ನೌಕೆಯ ಸೀಟಿನಲ್ಲಿ ಹಿಡಿಯುತ್ತೇನೋ ಇಲ್ಲವೋ ಎಂದು ಟ್ವಿಟರಿನಲ್ಲಿ ಬರೆದರು. ಆಮೇಲೆ ಇನ್ನೊಮ್ಮೆ ಅಳೆದಾಗ ಅದು 2 ಸೆಂಟಿಮೀಟರು ಮಾತ್ರ ಇತ್ತು, ಕ್ಷಮೆ ಕೇಳಿದರು. ಬಾಹ್ಯಾಕಾಶ ನಿಲ್ದಾಣದಲ್ಲೇ ಅಳತೆ ಏಳು ಸೆಂಟಿಮೀಟರು ತಪ್ಪುತ್ತದೆ ಎಂದಾದರೆ, ಸಾಲಿನಲ್ಲಿ ನೂರಾರು ಜನ ನಿಂತಿರುವ ಮೈದಾನದ ಅರ್ಧ ಸೆಂಟಿಮೀಟರನ್ನು ಒಂದೇ ಸಲ ನೋಡಿ ನಂಬುವುದು ಹೇಗೆ?

ಬೆಳಿಗ್ಗೆ ಬಗ್ಗುವವರು

ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ, ಯಾಕೆಂದರೆ ಇದು ನಮ್ಮ ಮನೆಗಳ ಹೆಂಗಸರಿಗೆ ಬೇಕಾದ ವಿಷಯ. ಬೆಳಿಗ್ಗೆ ಡಿಸ್ಕ್ ನೀರು ತುಂಬಿ ಬಿಗಿಯಾಗಿರುತ್ತದೆ. ವಿಲ್ಕೆಯವರ ಅಳತೆಯಲ್ಲಿ ಏಳು ಗಂಟೆ ನಿದ್ದೆ ಮಾಡುವಷ್ಟರಲ್ಲಿ ಡಿಸ್ಕಿನೊಳಗಿನ ಒತ್ತಡ 0.10ರಿಂದ 0.24 ಮೆಗಾಪಾಸ್ಕಲಿಗೆ ಏರಿತ್ತು, ಮಲಗಿದ್ದಲ್ಲೇ. ಎದ್ದಾಗ ಬೆನ್ನು ಹಿಡಿದ ಹಾಗೆ ಆಗುವುದರಲ್ಲಿ ಇದರ ಪಾಲೂ ಉಂಟು. ಆ ಹೊತ್ತಿನಲ್ಲಿ ಸೊಂಟ ಬಗ್ಗಿಸಿದರೆ ಡಿಸ್ಕಿನ ಮೇಲೂ ಮೂಳೆಗಳನ್ನು ಹಿಡಿದಿಡುವ ನಾರಿನ ಕಟ್ಟುಗಳ ಮೇಲೂ ಬೀಳುವ ಎಳೆತ ಸಂಜೆಯ ಹೊತ್ತಿಗಿಂತ ಎಷ್ಟೋ ಜಾಸ್ತಿ. ಎತ್ತರ ಇಳಿಯುವುದು ಕೆಟ್ಟದ್ದು ಅಂತ ತಿಳಿಯಬೇಡಿ. ಆ ಮೊದಲ ಒಂದು ಗಂಟೆಯಲ್ಲಿ ನೀರು ಇಳಿದ ಮೇಲೆಯೇ ಬೆನ್ನು ಸಲೀಸಾಗಿ ಬಗ್ಗುವುದು.

ಈಗ ನಮ್ಮ ಬೆಳಿಗ್ಗೆಗಳನ್ನು ನೋಡಿ. ಎದ್ದ ಕೂಡಲೇ ಹಿಡಿಸೂಡಿ ಹಿಡಿದು ಇಡೀ ಅಂಗಳ ಬಗ್ಗಿ ಗುಡಿಸಬೇಕು. ಹಟ್ಟಿಯಲ್ಲಿ ಸೆಗಣಿ ಬಾಚಿ ಬುಟ್ಟಿ ಎತ್ತಬೇಕು, ಕುಕ್ಕರುಗಾಲಲ್ಲಿ ಕೂತು ಹಾಲು ಕರೆಯಬೇಕು. ಬಿದ್ದ ಅಡಕೆ ಹೆಕ್ಕಬೇಕು. ರಬ್ಬರ್ ಟ್ಯಾಪಿಂಗ್ ಮಾಡುವವರು ನಸುಕಿನಲ್ಲೇ ತಲೆಗೆ ಲೈಟು ಕಟ್ಟಿಕೊಂಡು ಮರದಿಂದ ಮರಕ್ಕೆ ಬಗ್ಗುತ್ತಾ ಹೋಗುತ್ತಾರೆ, ತಂಪು ಹೊತ್ತಿನಲ್ಲೇ ಹಾಲು ಚೆನ್ನಾಗಿ ಇಳಿಯುವುದು. ಬೆನ್ನಿಗೆ ಅತಿ ಕಷ್ಟದ ಕೆಲಸವನ್ನೆಲ್ಲ ನಾವು ಬೆನ್ನು ಅತಿ ಬಿಗಿಯಾಗಿರುವ ಗಂಟೆಯಲ್ಲೇ ಇಟ್ಟುಕೊಂಡಿದ್ದೇವೆ. 1998ರಲ್ಲಿ ಸ್ನೂಕ್ ಮತ್ತು ಜೊತೆಯವರು ಬಹುಕಾಲದ ಸೊಂಟ ನೋವಿನವರಿಗೆ ಒಂದೇ ಒಂದು ವಿಷಯ ಕಲಿಸಿ ನೋಡಿದರು: ಎದ್ದ ಮೇಲೆ ಮೊದಲ ಎರಡು ಗಂಟೆ ಸೊಂಟ ಬಗ್ಗಿಸಬೇಡಿ. ಅಷ್ಟಕ್ಕೇ ನೋವಿನ ದಿನಗಳು ಕಡಿಮೆಯಾದವು. ಹಸು ಎರಡು ಗಂಟೆ ಕಾಯುವುದಿಲ್ಲ, ರಬ್ಬರ್ ಮರವೂ ಕಾಯುವುದಿಲ್ಲ, ಸರಿ. ಅಂಗಳ ಕಾಯುತ್ತದೆ. ಅಡಕೆಯೂ ಕಾಯುತ್ತದೆ. ನಮ್ಮ ಮನೆಯಲ್ಲಿ ಈಗ ಗುಡಿಸುವುದು ತಿಂಡಿ ಆದ ಮೇಲೆ, ಅದೂ ಉದ್ದ ಕೋಲಿಗೆ ಕಟ್ಟಿದ ಸೂಡಿಯಲ್ಲಿ, ಮತ್ತು ಆ ಕೆಲಸ ಹೆಚ್ಚಿನ ದಿನ ನನ್ನದು. ಬೆಳಗಾಗುವ ಮೊದಲು ಅಂಗಳ ಗುಡಿಸದಿದ್ದರೆ ಲಕ್ಷ್ಮಿ ಬರುವುದಿಲ್ಲ ಅಂತ ಅಮ್ಮ ಒಂದು ವಾರ ಗೊಣಗಿದರು. ಆಮೇಲೆ ಬಿಟ್ಟರು.

ದೂರಕ್ಕೂ ಮಿಲಿಮೀಟರಿಗೂ ಇರುವ ಸಂಬಂಧ

ಮತ್ತೆ ಕೋಲಿನ ಕೆಳಗೆ ಬರುತ್ತೇನೆ. ಕೇರಳದ ಪೊಲೀಸ್ ಕೆಲಸಕ್ಕೆ ಗಂಡಸರಿಗೆ 168 ಸೆಂಟಿಮೀಟರು, ಕೇಂದ್ರದ ಅರೆಸೇನಾ ಪಡೆಗಳ ಕಾನ್‌ಸ್ಟೇಬಲ್ ಕೆಲಸಕ್ಕೆ ಗಂಡಸರಿಗೆ 170, ಹೆಂಗಸರಿಗೆ 157, ಹೀಗೆ ಒಂದೊಂದಕ್ಕೆ ಒಂದೊಂದು ಗೆರೆ. ಕೆಲವರಿಗೆ ರಿಯಾಯಿತಿ ಉಂಟು, ಇರಲಿ. ಗೆರೆ ಬೇಕು ಅನ್ನುವುದನ್ನು ನಾನು ಒಪ್ಪುತ್ತೇನೆ. ಆದರೆ ಗೆರೆಯನ್ನು ಮಿಲಿಮೀಟರಿನಲ್ಲಿ ಎಳೆದು, ಅಳೆಯುವ ದೇಹ ದಿನಕ್ಕೆ ಹದಿನೈದಿಪ್ಪತ್ತು ಮಿಲಿಮೀಟರು ಏರಿಳಿಯುತ್ತದೆ ಎಂಬುದನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿದ್ದರೆ, ಆ ಗೆರೆ ಎತ್ತರವನ್ನು ಅಳೆಯುವುದಿಲ್ಲ. ಹುಡುಗ ಎಷ್ಟು ಹೊತ್ತಿಗೆ ಎದ್ದ, ಹೇಗೆ ಬಂದ, ಎಷ್ಟು ಹೊತ್ತು ನಿಂತ ಎನ್ನುವುದನ್ನು ಅಳೆಯುತ್ತದೆ.

ನನ್ನ ಸಂಕಟ ಇರುವುದು ಇಲ್ಲೇ. ಕಾಸರಗೋಡಿನಿಂದ ತಿರುವನಂತಪುರಕ್ಕೆ 550 ಕಿಲೋಮೀಟರಿಗೂ ಜಾಸ್ತಿ. ಪೆರ್ಲ, ಅಡೂರು, ಮುಳ್ಳೇರಿಯದ ಕಡೆಯವರಿಗೆ ರೈಲ್ವೆ ಸ್ಟೇಷನ್ನಿಗೆ ಬರುವುದೇ ಒಂದು ಪ್ರಯಾಣ. ಪರೀಕ್ಷೆ, ಸಂದರ್ಶನ, ಸರ್ಟಿಫಿಕೇಟ್ ಪರಿಶೀಲನೆ ಯಾವುದೇ ಆಗಲಿ, ಯಾವಾಗಲೂ ದೂರದಿಂದ ಬರುವವರು ನಾವೇ. ಪರೀಕ್ಷೆ ನಡೆಯುವ ಊರಿನ ಹುಡುಗ ರಾತ್ರಿ ತನ್ನ ಹಾಸಿಗೆಯಲ್ಲಿ ಮಲಗಿ, ಬೆಳಿಗ್ಗೆ ಅಪ್ಪನ ಬೈಕಿನಲ್ಲಿ ಬಂದು ಇಳಿಯುತ್ತಾನೆ. ನಮ್ಮ ಹುಡುಗ ರಾತ್ರಿಯಿಡೀ ಕೂತು ಬಂದಿರುತ್ತಾನೆ. ಹಿಂದಿನ ದಿನ ಅವನ ಬೆನ್ನು ಕಳೆದುಕೊಂಡ ನೀರೇ ಪೂರ್ತಿ ಮರಳಿರುವುದಿಲ್ಲ, ಅದರ ಮೇಲೆ ಇನ್ನೊಂದು ದಿನದ ಭಾರ. ಇಬ್ಬರೂ ಹುಟ್ಟಿನಿಂದ ಒಂದೇ ಎತ್ತರದವರಾದರೂ ಆ ಮೈದಾನದಲ್ಲಿ ಒಂದೇ ಎತ್ತರ ಇರುವುದಿಲ್ಲ. ದೂರದ ಊರಿಗೆ ಸೇರಿದವನು, ಬರ್ತ್ ಸಿಗದವನು, ಲಾಡ್ಜಿಗೆ ದುಡ್ಡಿಲ್ಲದವನು ಕೆಲವು ಮಿಲಿಮೀಟರು ಬಿಟ್ಟುಕೊಟ್ಟೇ ಸಾಲಿಗೆ ಬರುತ್ತಾನೆ. ಹೆಣ್ಣು ಮಕ್ಕಳಿಗಂತೂ ರಾತ್ರಿ ಪ್ರಯಾಣ ಇನ್ನೂ ಕಷ್ಟ. ಎತ್ತರದ ಗೆರೆ ಎಲ್ಲರಿಗೂ ಸಮ ಅಂತ ಹೇಳುವವರು ಇದನ್ನು ಒಮ್ಮೆ ಯೋಚಿಸಬೇಕು.

ಸರಿ ಮಾಡುವುದು ಕಷ್ಟ ಅಲ್ಲ. ಎತ್ತರದ ಪಕ್ಕದಲ್ಲಿ ಗಂಟೆ ಬರೆಯಲಿ. ಎಲ್ಲರನ್ನೂ ಬೆಳಿಗ್ಗೆ ಒಂದೇ ಹೊತ್ತಿಗೆ ಅಳೆಯಲು ಆಗದಿದ್ದರೆ, ಗೆರೆಗಿಂತ ಎರಡು ಸೆಂಟಿಮೀಟರಿನೊಳಗೆ ಕಡಿಮೆ ಬಂದವರನ್ನು ಮರುದಿನ ಬೆಳಿಗ್ಗೆ ಇನ್ನೊಮ್ಮೆ ಅಳೆಯಲಿ, ಇಲ್ಲವೇ ಅರ್ಧ ಗಂಟೆ ಮಲಗಿಸಿ ಅಳೆಯಲಿ. ಅಷ್ಟು ಹೊತ್ತಿನಲ್ಲೂ ಕೆಲವು ಮಿಲಿಮೀಟರು ಮರಳುತ್ತದೆ. ಮಕ್ಕಳ ಬೆಳವಣಿಗೆ ಅಳೆಯುವ ತಜ್ಞರು ಕಿವಿಯ ಹಿಂದಿನ ಮೂಳೆಗೆ ಕೈ ಕೊಟ್ಟು ತಲೆಯನ್ನು ಮೆಲ್ಲಗೆ ಮೇಲಕ್ಕೆ ಒತ್ತಿ, ಉಸಿರು ಎಳೆದುಕೊಳ್ಳಲು ಹೇಳಿ ಅಳೆಯುತ್ತಾರೆ. ಹಾಗೆ ಮಾಡಿದರೆ ಬೆಳಗಿನ ಮತ್ತು ಸಂಜೆಯ ವ್ಯತ್ಯಾಸ ಕಡಿಮೆಯಾಗುತ್ತದೆ. ಅದನ್ನೇ ಇಲ್ಲಿಯೂ ಮಾಡಬಹುದು. ಎಲ್ಲಕ್ಕಿಂತ ಸುಲಭದ್ದು, ಕಾಸರಗೋಡಿನ ಮಕ್ಕಳ ಎತ್ತರವನ್ನು ಕಾಸರಗೋಡಿನಲ್ಲೇ ಅಳೆಯುವುದು. ಓಟ, ಹಾರುವುದು, ಹಗ್ಗ ಹತ್ತುವುದು ಬೇಕಾದರೆ ಬೇರೆ ಕಡೆ ಆಗಲಿ. ಒಂದು ಕೋಲನ್ನು ಇಲ್ಲಿಗೆ ತರಲು ಎಷ್ಟು ಖರ್ಚು ಬೀಳುತ್ತದೆ?

ಅದೆಲ್ಲ ಆಗುವವರೆಗೆ, ಗೆರೆಯ ಹತ್ತಿರ ಇರುವ ನಮ್ಮ ಕಡೆಯ ಮಕ್ಕಳು ಇದನ್ನು ಮಾಡಿ. ಮನೆಯಲ್ಲಿ ಅಳೆಯುವುದಾದರೆ ಸಂಜೆ ಅಳೆಯಿರಿ, ಇಡೀ ದಿನ ಓಡಾಡಿದ ಮೇಲೆ. ಆಗಲೂ ಗೆರೆ ದಾಟಿದರೆ ಧೈರ್ಯವಾಗಿ ಹೋಗಿ. ಸಾಧ್ಯವಾದರೆ ಹಿಂದಿನ ದಿನವೇ ಹೋಗಿ, ನಾಲ್ಕು ಜನ ಸೇರಿ ಒಂದು ರೂಮು ಮಾಡಿ, ಚಾಪೆಯಾದರೂ ಸರಿ, ಬೆನ್ನು ನೆಲಕ್ಕೆ ಹಾಕಿ ಮಲಗಿ. ಬರ್ತ್ ಸಿಗದಿದ್ದರೆ ಬೆಳಿಗ್ಗೆ ಇಳಿದ ಮೇಲೆ ಎಲ್ಲಿಯಾದರೂ ಒಂದು ಗಂಟೆ ಕಾಲು ಚಾಚಿ. ಸಾಲಿನಲ್ಲಿ ಬ್ಯಾಗನ್ನು ಬೆನ್ನಿಗೆ ಹಾಕಿಕೊಂಡು ನಿಲ್ಲಬೇಡಿ, ಕೆಳಗೆ ಇಡಿ. ಕಾಯುವುದು ತುಂಬ ಹೊತ್ತಾಗುತ್ತದೆ ಅಂತ ಗೊತ್ತಾದರೆ ಟೋಕನ್ ಪಡೆದು ಮರದ ನೆರಳಿನಲ್ಲಿ ಅಂಗಾತ ಮಲಗಿ, ಮಂಡಿ ಮಡಚಿ ಕಾಲನ್ನು ಬ್ಯಾಗಿನ ಮೇಲೆ ಇಡಿ. ಯಾರಾದರೂ ನೋಡಿ ನಕ್ಕರೆ ನಗಲಿ. ಓಟ ಮೊದಲು, ಎತ್ತರ ಆಮೇಲೆ ಎಂದಿದ್ದರೆ ಓಡಿದ ಕೂಡಲೇ ಕೋಲಿನ ಹತ್ತಿರ ಹೋಗಬೇಡಿ, ಓಟವೂ ಬೆನ್ನನ್ನು ಕುಗ್ಗಿಸುತ್ತದೆ. ಅಳೆಯುವಾಗ ಹಿಮ್ಮಡಿ ಕೂಡಿಸಿ, ನೋಟ ನೇರ ಇಟ್ಟು, ಉಸಿರು ತುಂಬಿಕೊಂಡು ನಿಲ್ಲಿ. ಅಷ್ಟಾಗಿಯೂ ಕಡಿಮೆ ಬಂದರೆ ಸುಮ್ಮನೆ ಗೇಟಿನ ಕಡೆ ನಡೆಯಬೇಡಿ. ಕೇಂದ್ರ ಪಡೆಗಳ ಆಯ್ಕೆಯಲ್ಲಿ ಮೈದಾನದಲ್ಲೇ ಇರುವ ಮೇಲಧಿಕಾರಿಗೆ ಮನವಿ ಕೊಟ್ಟು ಮತ್ತೊಮ್ಮೆ ಅಳೆಸಿಕೊಳ್ಳುವ ಅವಕಾಶ ಉಂಟು. ಉಳಿದ ಕಡೆಯೂ ಕೇಳಿ ನೋಡಿ. ಹೊರಗೆ ಬಂದ ಮೇಲೆ ಯಾರೂ ಕೇಳುವುದಿಲ್ಲ, ಒಳಗಿರುವಾಗಲೇ ಬರೆದು ಕೊಡಿ. ಎಷ್ಟು ಗಂಟೆಗೆ ಸಾಲಿಗೆ ನಿಂತಿರಿ, ಎಷ್ಟು ಗಂಟೆಗೆ ಅಳೆದರು, ಎರಡನ್ನೂ ಆ ಮನವಿಯಲ್ಲಿ ಬರೆಯಿರಿ.